ಅಪ್ಪ-ಅಮ್ಮನನ್ನು ನರ್ಸ್ ಪ್ರಾಕ್ಟಿಷನರ್ ನೋಡಿದರೆ: ಮೆಡಿಕೇರ್ ಎಷ್ಟು ಕೊಡುತ್ತದೆ, ಎಲ್ಲಿ ಕೈ ಎತ್ತುತ್ತದೆ

ಕ್ಲಿನಿಕ್‌ನಿಂದ ಬಂದ ಅಮ್ಮ “ಡಾಕ್ಟರು ಒಳಗೇ ಬರಲಿಲ್ಲ ಕಣೋ, ಬರೀ ನರ್ಸಮ್ಮ ನೋಡಿ ಕಳಿಸಿದ್ರು” ಅನ್ನುವುದು ಅಮೆರಿಕದ ಕನ್ನಡ ಮನೆಗಳಲ್ಲಿ ಆಗಾಗ ಕೇಳುವ ಮಾತು. ಅದರ ಬೆನ್ನಿಗೇ ಮಗನ ತಲೆಯಲ್ಲಿ ಏಳುವ ಪ್ರಶ್ನೆ: ಇದಕ್ಕೆ ಮೆಡಿಕೇರ್, ಅಂದರೆ ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ, ದುಡ್ಡು ಕೊಡುತ್ತಾ? ಕೊಡುತ್ತದೆ. ಬಹಳ ಸಲ ಡಾಕ್ಟರ್ ನೋಡಿದ್ದಕ್ಕಿಂತ ಮನೆಯವರ ಜೇಬಿಗೆ ಹಗುರಾಗಿಯೇ ಮುಗಿಯುತ್ತದೆ. ತೊಡಕು ಇರುವುದು ಬೇರೆ ಎರಡು ಕಡೆ: ಬಿಲ್ಲು ಯಾರ ಹೆಸರಲ್ಲಿ ಹೋಯಿತು ಅನ್ನುವುದರಲ್ಲಿ, ಮತ್ತು ನರ್ಸ್ ಪ್ರಾಕ್ಟಿಷನರ್ ಸಹಿ ನಡೆಯದ ಕೆಲವೇ ಕಾಗದಗಳಲ್ಲಿ.

ಅಮ್ಮ ಹೇಳುವ “ನರ್ಸಮ್ಮ” ನಮ್ಮೂರ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಿಸ್ಟರ್ ಅಲ್ಲ. ನರ್ಸಿಂಗ್ ಓದಿ, ಅದರ ಮೇಲೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಾಡಿ, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ರಾಜ್ಯದ ಲೈಸೆನ್ಸ್ ಪಡೆದವರು. ಇವರೇ ನರ್ಸ್ ಪ್ರಾಕ್ಟಿಷನರ್, ಚಿಕ್ಕದಾಗಿ ಎನ್‌ಪಿ ಅನ್ನುತ್ತಾರೆ. ರೋಗ ಏನೆಂದು ಹೇಳುತ್ತಾರೆ, ಔಷಧಿ ಬರೆಯುತ್ತಾರೆ, ರಕ್ತಪರೀಕ್ಷೆ, ಎಕ್ಸ್‌ರೇಗೆ ಕಳಿಸುತ್ತಾರೆ. ಈ ವೃತ್ತಿ ಶುರುವಾದದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಮೆಡಿಕೇರ್ ಮೊದಮೊದಲು ಹಳ್ಳಿಗಾಡಿನ ಕ್ಲಿನಿಕ್, ನರ್ಸಿಂಗ್ ಹೋಮ್‌ನಂಥ ಕೆಲವು ಕಡೆ ಮಾತ್ರ ಇವರ ಕೆಲಸಕ್ಕೆ ದುಡ್ಡು ಕೊಡುತ್ತಿತ್ತು. 1997ರ ಕಾನೂನಿನಿಂದ ಆ ಬೇಲಿ ಹೋಯಿತು. 1998ರ ಜನವರಿ 1ರಿಂದ ಊರು ಯಾವುದಾದರೂ ಎನ್‌ಪಿ ತಮ್ಮದೇ ನಂಬರಿನಲ್ಲಿ ಬಿಲ್ಲು ಹಾಕಬಹುದು.

ಕಾರ್ಡ್ ಇದೆಯಾ?

ಎನ್‌ಪಿ ಭೇಟಿಗೆ ದುಡ್ಡು ಬರುವುದು ಮೆಡಿಕೇರ್‌ನಲ್ಲಿ ಕ್ಲಿನಿಕ್ ಭೇಟಿಗಳ ಖರ್ಚು ನೋಡುವ ಪಾರ್ಟ್ ಬಿ ಇಂದ. ಊರಿಂದ ಬಂದ ಅಪ್ಪ-ಅಮ್ಮನಿಗೆ ಅದು ಸಿಗಬೇಕಾದರೆ 65 ತುಂಬಿರಬೇಕು, ಗ್ರೀನ್ ಕಾರ್ಡ್ ಇರಬೇಕು, ಅರ್ಜಿ ಹಾಕುವ ಹೊತ್ತಿಗೆ ಅಮೆರಿಕದಲ್ಲಿ ಸತತ 5 ವರ್ಷ ವಾಸ ಆಗಿರಬೇಕು. ವಿಸಿಟರ್ ವೀಸಾದವರಿಗೆ ಈ ಬಾಗಿಲೇ ಇಲ್ಲ. ಅವರದು ಖಾಸಗಿ ವಿಮೆಯ ದಾರಿ. ವರ್ಷದಲ್ಲಿ ಎಂಟು ತಿಂಗಳು ಮೈಸೂರಲ್ಲಿ, ನಾಲ್ಕು ತಿಂಗಳು ಮಗಳ ಮನೆಯಲ್ಲಿ ಅನ್ನುವ ಲೆಕ್ಕದಲ್ಲಿ ಬದುಕಿದವರಿಗೆ “ಸತತ ವಾಸ” ತೋರಿಸುವುದು ಕಷ್ಟ.

“ನಾನು ಇಲ್ಲಿ ಇಪ್ಪತ್ತು ವರ್ಷ ಟ್ಯಾಕ್ಸ್ ಕಟ್ಟಿದ್ದೀನಿ, ಅಪ್ಪನಿಗೆ ಫ್ರೀ ಆಗಬೇಕಲ್ಲ?” ಅನ್ನುವವರು ಬಹಳ ಮಂದಿ. ಆಗುವುದಿಲ್ಲ. ಆಸ್ಪತ್ರೆ ಸೇರಿದಾಗಿನ ಖರ್ಚು ನೋಡುವ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗಬೇಕಾದರೆ 40 ಕ್ರೆಡಿಟ್, ಅಂದರೆ ಸುಮಾರು 10 ವರ್ಷದ ದುಡಿಮೆ ಬೇಕು. ಅದು ಅವರದೇ ಆಗಿರಬೇಕು, ಇಲ್ಲವೇ ಗಂಡ ಅಥವಾ ಹೆಂಡತಿಯದು. ಮಕ್ಕಳ ದುಡಿಮೆ ಲೆಕ್ಕಕ್ಕಿಲ್ಲ. ಅಪ್ಪ ಕೆಇಬಿಯಲ್ಲೋ ಬ್ಯಾಂಕಿನಲ್ಲೋ ಮೂವತ್ತೈದು ವರ್ಷ ದುಡಿದದ್ದೂ ಲೆಕ್ಕಕ್ಕಿಲ್ಲ, ಯಾಕೆಂದರೆ ಈ ಕ್ರೆಡಿಟ್‌ಗಳನ್ನು ಕೂಡಿಸಿಕೊಳ್ಳುವ ಒಪ್ಪಂದ ಭಾರತ-ಅಮೆರಿಕದ ನಡುವೆ ಇಲ್ಲ. ಹಾಗಾಗಿ ದುಡ್ಡು ಕೊಟ್ಟೇ ಕೊಳ್ಳಬೇಕು: 2026ರಲ್ಲಿ ಪಾರ್ಟ್ ಎ ತಿಂಗಳಿಗೆ 565 ಡಾಲರ್, ಪಾರ್ಟ್ ಬಿ 202.90. ಒಬ್ಬರಿಗೆ 767.90. ಪಾರ್ಟ್ ಬಿ ಒಂದನ್ನೇ ಕೊಳ್ಳಲೂ ಬರುತ್ತದೆ, ಎನ್‌ಪಿ ಭೇಟಿಗೆ ಅಷ್ಟೇ ಸಾಕು. ಆದರೆ ಅಪ್ಪ ಆಸ್ಪತ್ರೆ ಸೇರಿದರೆ ರೂಮಿನ ಬಿಲ್ಲು ಪೂರ್ತಿ ನಿಮ್ಮದು. ಖಾಸಗಿ ಕಂಪನಿಯ ಮೂಲಕ ಮೆಡಿಕೇರ್ ಪಡೆಯುವ ಅಡ್ವಾಂಟೇಜ್ ಪ್ಲಾನ್, ಮೆಡಿಕೇರ್ ಬಿಟ್ಟ ಪಾಲನ್ನು ತುಂಬುವ ಮೆಡಿಗ್ಯಾಪ್ ವಿಮೆ, ಎರಡಕ್ಕೂ ಎ ಮತ್ತು ಬಿ ಎರಡೂ ಬೇಕು. ಅರ್ಧ ವಿಮೆ ಕೊಂಡು ನೆಮ್ಮದಿಯಾಗಿರುವುದು ನಮ್ಮ ಮಟ್ಟಿಗೆ ಜಾಣತನವಲ್ಲ.

5 ವರ್ಷ ತುಂಬುವುದಕ್ಕೆ ಮೂರು ತಿಂಗಳು ಇರುವಾಗಲೇ ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ ಹೋಗಿ ಕೇಳಿ. ಅರ್ಹತೆ ಬಂದ ಮೇಲೂ ತಡಮಾಡಿದರೆ ಪ್ರತಿ ಪೂರ್ತಿ 12 ತಿಂಗಳಿಗೆ ಪಾರ್ಟ್ ಬಿ ಪ್ರೀಮಿಯಂ 10% ಏರುತ್ತದೆ. ಒಂದು ಸಲ ಕಟ್ಟಿ ಮುಗಿಸುವ ದಂಡವಲ್ಲ ಅದು, ಪಾರ್ಟ್ ಬಿ ಇರುವಷ್ಟು ಕಾಲವೂ ಪ್ರತಿ ತಿಂಗಳು ಕಟ್ಟಬೇಕು.

ಕಾರ್ಡ್ ಬಂದ ಮೇಲೆ ಒಂದು ಸಣ್ಣ ಸಂಗತಿ. ಕಾರ್ಡ್ ಮೇಲಿನ ನಂಬರಿನಲ್ಲಿ 11 ಅಕ್ಷರ-ಅಂಕಿಗಳಿವೆ. ಎರಡನೆಯದು, ಐದನೆಯದು, ಎಂಟನೆಯದು, ಒಂಬತ್ತನೆಯದು ಯಾವಾಗಲೂ ಇಂಗ್ಲಿಷ್ ಅಕ್ಷರ. ಎಸ್, ಎಲ್, ಒ, ಐ, ಬಿ, ಝಡ್ ಅಕ್ಷರಗಳನ್ನು ಬೇಕೆಂದೇ ಬಳಸಿಲ್ಲ. ಹಾಗಾಗಿ ಫೋನಿನಲ್ಲಿ ಓದಿ ಹೇಳುವಾಗ ‘ಒ’ ಥರ ಕಂಡದ್ದು ಸೊನ್ನೆ, ‘ಐ’ ಥರ ಕಂಡದ್ದು ಒಂದು. ಕ್ಲಿನಿಕ್‌ನ ಕೌಂಟರಿನಲ್ಲಿ ಇದೊಂದು ತಪ್ಪಾಗಿ ಬರೆದುಕೊಂಡರೂ ಕ್ಲೇಮ್ ವಾಪಸ್ ಬರುತ್ತದೆ. ಮತ್ತೆ, ತಾವಾಗಿ ಫೋನ್ ಮಾಡಿ ಈ ನಂಬರ್ ಕೇಳುವವರಿಗೆ ಕೊಡಲೇಬೇಡಿ.

ಅಪಾಯಿಂಟ್‌ಮೆಂಟ್ ಮಾಡುವಾಗ ಕೇಳಬೇಕಾದದ್ದು

ಕ್ಲಿನಿಕ್‌ಗೆ ಫೋನ್ ಮಾಡಿದಾಗ ನಾಲ್ಕು ಮಾತು ಕೇಳಿ, ಉತ್ತರ ಕೊಟ್ಟವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ.

1. ಈ ಎನ್‌ಪಿ ಮೆಡಿಕೇರ್‌ಗೆ ಸೇರಿದ್ದಾರಾ, ಇಲ್ಲಾ “ಆಪ್ಟ್ ಔಟ್” ಆಗಿದ್ದಾರಾ? ಹೊರಗೆ ಉಳಿದವರು ನಿಮ್ಮಿಂದ ಖಾಸಗಿ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕಿದರೆ ಮೆಡಿಕೇರ್ ಒಂದು ಪೈಸೆಯೂ ಕೊಡುವುದಿಲ್ಲ, ಮೆಡಿಗ್ಯಾಪೂ ಕೊಡುವುದಿಲ್ಲ. ಟ್ಯಾಬ್ಲೆಟ್ ಪರದೆಯ ಮೇಲೆ ಸಾಲಾಗಿ ಸಹಿ ಮಾಡಿಸುವಾಗ ಇದು ನಡುವೆ ನುಸುಳಬಹುದು, ಓದದೆ ಬೆರಳಾಡಿಸಬೇಡಿ.

2. ಕ್ಲಿನಿಕ್ ಆಸ್ಪತ್ರೆಯ ಹೊರರೋಗಿ ವಿಭಾಗವೆಂದು ಬಿಲ್ಲು ಮಾಡುತ್ತದಾ? ಮಾಲ್ ಪಕ್ಕದ ಪುಟ್ಟ ಕಟ್ಟಡವಾದರೂ ಒಡೆತನ ಆಸ್ಪತ್ರೆಯದಾಗಿದ್ದರೆ ಎನ್‌ಪಿ ಫೀಸಿನ ಜೊತೆ “ಫೆಸಿಲಿಟಿ ಫೀ” ಎಂದು ಇನ್ನೊಂದು ಬಿಲ್ಲು ಬರಬಹುದು. ಅದರಲ್ಲೂ ನಿಮ್ಮ ಪಾಲು ಇರುತ್ತದೆ. ಒಂದೇ ಭೇಟಿಗೆ ಎರಡು ಲಕೋಟೆ ಬಂತೆಂದು ಗಾಬರಿಯಾಗುವವರ ಮನೆಯಲ್ಲಿ ನಡೆದಿರುವುದು ಸಾಮಾನ್ಯವಾಗಿ ಇದೇ.

3. ಅಪ್ಪ-ಅಮ್ಮ ಅಡ್ವಾಂಟೇಜ್ ಪ್ಲಾನ್‌ನಲ್ಲಿದ್ದರೆ, ಈ ಎನ್‌ಪಿ ಆ ಪ್ಲಾನಿನ ನೆಟ್‌ವರ್ಕ್‌ನಲ್ಲಿದ್ದಾರಾ? ಇದನ್ನು ಪ್ಲಾನ್‌ನವರಿಗೂ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಡಾಕ್ಟರ್ ನೆಟ್‌ವರ್ಕ್‌ನಲ್ಲಿದ್ದ ಮಾತ್ರಕ್ಕೆ ಅದೇ ಕ್ಲಿನಿಕ್‌ನ ಎನ್‌ಪಿಯೂ ಇರುತ್ತಾರೆಂದು ನಂಬಬೇಡಿ.

4. ಕನ್ನಡ ಇಂಟರ್‌ಪ್ರಿಟರ್ ಬೇಕು. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಭಾಷೆಯ ಸಹಾಯವನ್ನು ಉಚಿತವಾಗಿ ಕೊಡಬೇಕು. ಸಾಮಾನ್ಯವಾಗಿ ಫೋನಿನಲ್ಲೋ ವಿಡಿಯೊದಲ್ಲೋ ಸಿಗುತ್ತಾರೆ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ, ಮತ್ತು “ಇಂಡಿಯನ್” ಅನ್ನದೆ “ಕನ್ನಡ” ಎಂದು ಬಿಡಿಸಿ ಹೇಳಿ. ಇಲ್ಲದಿದ್ದರೆ ಹಿಂದಿಯವರು ಲೈನಿಗೆ ಬರುತ್ತಾರೆ, ಅಮ್ಮ ಎಲ್ಲದಕ್ಕೂ “ಹ್ಞಾಂ ಜಿ” ಅಂದು ಎದ್ದು ಬರುತ್ತಾರೆ.

ನೂರು ಡಾಲರಿನ ಲೆಕ್ಕ

ಒಂದು ಭೇಟಿಗೆ ಮೆಡಿಕೇರ್‌ನ ಡಾಕ್ಟರ್ ದರ 100 ಡಾಲರ್ ಎಂದಿಟ್ಟುಕೊಳ್ಳೋಣ. ಅದೇ ಕೆಲಸವನ್ನು ಎನ್‌ಪಿ ಮಾಡಿ ತಮ್ಮ ಹೆಸರಲ್ಲಿ ಬಿಲ್ಲು ಹಾಕಿದರೆ ದರ 85%, ಅಂದರೆ 85 ಡಾಲರ್. ಅದರ 80%, 68 ಡಾಲರ್ ಮೆಡಿಕೇರ್ ಕೊಡುತ್ತದೆ. ಉಳಿದ 17 ನಿಮ್ಮದು.

ಮೆಡಿಕೇರ್ ಜೊತೆ ಒಪ್ಪಂದ ಮಾಡಿಕೊಂಡ ಡಾಕ್ಟರ್ ಆಗಿದ್ದರೆ ನಿಮ್ಮ ಪಾಲು 20 ಡಾಲರ್. ಒಪ್ಪಂದ ಮಾಡಿಕೊಳ್ಳದೆ, ಆದರೆ ಪೂರ್ತಿ ಹೊರಗೂ ಹೋಗದೆ ಇರುವ ಡಾಕ್ಟರೂ ಉಂಟು. ಅವರಿಗೆ ದರ 95 ಡಾಲರ್. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಅದರ ಮೇಲೆ 15% ಸೇರಿಸಿ 109.25 ವರೆಗೆ ಕೇಳಬಹುದು. ಆಗ ನಿಮ್ಮ ಪಾಲು 19 ಮತ್ತು 14.25 ಸೇರಿ 33.25. ಎನ್‌ಪಿಗೆ ಈ ಆಟ ಇಲ್ಲ. ಮೆಡಿಕೇರ್‌ಗೆ ಬಿಲ್ಲು ಹಾಕುವ ಎನ್‌ಪಿ ಮೆಡಿಕೇರ್ ಒಪ್ಪಿದ ದರವನ್ನೇ ಪೂರ್ತಿ ಫೀಸೆಂದು ಒಪ್ಪಲೇಬೇಕು. ಇದಕ್ಕೆ “ಅಸೈನ್‌ಮೆಂಟ್” ಅನ್ನುತ್ತಾರೆ. ನಿಮ್ಮಿಂದ 17ರ ಮೇಲೆ ಒಂದು ಡಾಲರ್ ಕೇಳಿದರೂ ತಪ್ಪು.

ಈ ಲೆಕ್ಕ ನಡೆಯುವುದು ವರ್ಷದ ಡಿಡಕ್ಟಿಬಲ್, ಅಂದರೆ ಮೆಡಿಕೇರ್ ಕೊಡಲು ಶುರುಮಾಡುವ ಮುಂಚೆ ನೀವೇ ಕಟ್ಟಬೇಕಾದ ಮೊತ್ತ, ಮುಗಿದ ಮೇಲೆ. 2026ಕ್ಕೆ ಅದು 283 ಡಾಲರ್. ಜನವರಿಯ ಮೊದಲ ಭೇಟಿಯಾದರೆ 85 ಡಾಲರೂ ನಿಮ್ಮ ಕೈಯಿಂದಲೇ ಹೋಗುತ್ತದೆ, ಡಿಡಕ್ಟಿಬಲ್‌ನಲ್ಲಿ ಅಷ್ಟು ಕಳೆಯುತ್ತದೆ. “ಡಿಸೆಂಬರಿನಲ್ಲಿ 17 ಇತ್ತು, ಈಗ 85 ಯಾಕೆ” ಅನ್ನುವ ಜಗಳಕ್ಕೆ ಕಾರಣ ಇದು. ಮೆಡಿಗ್ಯಾಪ್‌ನ ಪ್ಲಾನ್ ಜಿ ಇದ್ದರೆ ಡಿಡಕ್ಟಿಬಲ್ ಮುಗಿದ ಮೇಲಿನ 20% ಅದು ನೋಡಿಕೊಳ್ಳುತ್ತದೆ. ಆರೋಗ್ಯದ ಪ್ರಶ್ನೆ ಕೇಳದೆ ಮೆಡಿಗ್ಯಾಪ್ ಕೊಡಲೇಬೇಕಾದ ಅವಧಿ, 65 ದಾಟಿದವರಿಗೆ ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು. ಸಕ್ಕರೆ, ಬಿಪಿ, ಸ್ಟೆಂಟ್ ಇರುವ ಅಪ್ಪನಿಗೆ ಈ ಆರು ತಿಂಗಳು ಚಿನ್ನ. ಕಳೆದುಕೊಂಡರೆ ಬಹುತೇಕ ರಾಜ್ಯಗಳಲ್ಲಿ ಕಂಪನಿ ಇಲ್ಲ ಅನ್ನಬಹುದು.

ಎನ್‌ಪಿ ಬರೆದುಕೊಟ್ಟ ರಕ್ತಪರೀಕ್ಷೆಗಳಿಗೆ, ಮೆಡಿಕೇರ್ ಒಪ್ಪಿದ್ದಾದರೆ, ನಿಮ್ಮ ಪಾಲು ಸೊನ್ನೆ. ಎಕ್ಸ್‌ರೇ, ಸ್ಕ್ಯಾನ್‌ಗೆ 20% ಇದೆ.

ನೋಡಿದವರು ಒಬ್ಬರು, ಬಿಲ್ಲಿನಲ್ಲಿ ಇನ್ನೊಬ್ಬರು

ಅಪ್ಪನನ್ನು ನೋಡಿದ್ದು ಎನ್‌ಪಿ. ತಿಂಗಳ ನಂತರ ಬಂದ ಕಾಗದದಲ್ಲಿ ಕಂಡು ಕೇಳರಿಯದ ಡಾಕ್ಟರ ಹೆಸರು. ಮೋಸವೇ? ಅಲ್ಲದಿರಬಹುದು. “ಇನ್ಸಿಡೆಂಟ್ ಟು” ಎಂಬ ನಿಯಮವಿದೆ: ಡಾಕ್ಟರ್ ಮೊದಲೇ ನೋಡಿ ಚಿಕಿತ್ಸೆ ನಿಶ್ಚಯಿಸಿದ್ದರೆ, ಆ ಕಾಯಿಲೆಯ ಮುಂದಿನ ಭೇಟಿಗಳನ್ನು ಎನ್‌ಪಿ ನಡೆಸಿ ಡಾಕ್ಟರ ಹೆಸರಲ್ಲೇ ಪೂರ್ತಿ 100% ದರಕ್ಕೆ ಬಿಲ್ಲು ಹಾಕಬಹುದು. ಆ ಹೊತ್ತಿಗೆ ಡಾಕ್ಟರ್ ಮೇಲ್ವಿಚಾರಣೆಗೆ ಸಿಗುವಂತಿರಬೇಕು. ಆಸ್ಪತ್ರೆಯೊಳಗೆ ಈ ನಿಯಮ ನಡೆಯುವುದಿಲ್ಲ.

ತಪ್ಪಾಗುವುದು ಎರಡು ಸಂದರ್ಭದಲ್ಲಿ. ಅಪ್ಪ ಆ ಕ್ಲಿನಿಕ್‌ಗೆ ಹೊಸಬರು, ಮೊದಲ ಭೇಟಿಯೇ ಎನ್‌ಪಿ ಜೊತೆ: ಆಗ ಡಾಕ್ಟರ ಹೆಸರು ಬರುವಂತಿಲ್ಲ. ಬಿಪಿ ನೋಡಿಸಲು ಹೋದವರು ಹೊಸದಾಗಿ ಎದೆಯುರಿ ಎಂದರು, ಎನ್‌ಪಿ ಅದಕ್ಕೂ ಔಷಧಿ ಬರೆದರು: ಹೊಸ ತೊಂದರೆಯಾದ್ದರಿಂದ ಆಗಲೂ ಬರುವಂತಿಲ್ಲ. ನಿಮಗೆ ಆಗುವ ನಷ್ಟ ನಮ್ಮ ಲೆಕ್ಕದಲ್ಲಿ ಮೂರು ಡಾಲರ್, 17ರ ಬದಲು 20. ದುಡ್ಡು ಚಿಕ್ಕದು. ಆದರೂ ಮೊದಲು ಕ್ಲಿನಿಕ್‌ನ ಬಿಲ್ಲಿಂಗ್ ವಿಭಾಗಕ್ಕೆ ಕೇಳಿ. ಹಲವು ಸಲ ಅವರೇ ತಿದ್ದುತ್ತಾರೆ. ಹೋಗದ ದಿನಕ್ಕೇ ಬಿಲ್ಲು ಇದ್ದರೆ, ಇಲ್ಲವೇ ಇದು ಪದೇ ಪದೇ ಆಗುತ್ತಿದ್ದರೆ, ಮೆಡಿಕೇರ್ ಮೋಸದ ದೂರುಗಳಿಗೆ ನೆರವಾಗುವ ನಿಮ್ಮ ರಾಜ್ಯದ ಸೀನಿಯರ್ ಮೆಡಿಕೇರ್ ಪ್ಯಾಟ್ರೋಲ್‌ಗೆ ತಿಳಿಸಿ. ಅದು ಉಚಿತ ಸೇವೆ.

ವರ್ಷದ ಉಚಿತ ಭೇಟಿ, ಮತ್ತು ಮಂಡಿನೋವು

ಪಾರ್ಟ್ ಬಿ ಬಂದ ಮೊದಲ 12 ತಿಂಗಳೊಳಗೆ “ವೆಲ್‌ಕಮ್ ಟು ಮೆಡಿಕೇರ್” ಭೇಟಿ ಒಂದು ಸಲ, ಆಮೇಲೆ 12 ತಿಂಗಳಿಗೊಮ್ಮೆ ವೆಲ್‌ನೆಸ್ ಭೇಟಿ. ಎರಡನ್ನೂ ಎನ್‌ಪಿ ನಡೆಸಬಹುದು, ಎರಡಕ್ಕೂ ನಿಮ್ಮ ಪಾಲು ಸೊನ್ನೆ. ಆದರೆ ಇದು ನಾವು ತಿಳಿದ ಬಾಡಿ ಚೆಕಪ್ ಅಲ್ಲ. ಎತ್ತರ, ತೂಕ, ಬಿಪಿ ನೋಡುತ್ತಾರೆ, ನೆನಪಿನ ಶಕ್ತಿ ಪರೀಕ್ಷಿಸುತ್ತಾರೆ, ಬಿದ್ದಿದ್ದೀರಾ, ಮಾತ್ರೆ ಯಾವುವು ಎಂದು ಕೇಳುತ್ತಾರೆ, ಮುಂದೆ ಯಾವ ತಪಾಸಣೆ ಬೇಕೆಂದು ಪಟ್ಟಿ ಮಾಡುತ್ತಾರೆ.

“ಹೇಗೂ ಬಂದಿದ್ದೀನಲ್ಲ, ಈ ಮಂಡಿನೋವೂ ನೋಡಿಬಿಡಮ್ಮ” ಅಂದ ಕ್ಷಣ ಅದು ಇನ್ನೊಂದು ಭೇಟಿಯಾಗುತ್ತದೆ. ಕಾಗದದಲ್ಲಿ ವೆಲ್‌ನೆಸ್‌ನ ಜಿ0438 ಅಥವಾ ಜಿ0439 ಸಂಕೇತದ ಕೆಳಗೆ 99213 ಇಲ್ಲವೇ 99214 ಎಂಬ ಇನ್ನೊಂದು ಸಾಲು ಕಂಡರೆ ಅದು ಮಂಡಿಯ ಬಿಲ್ಲು. ಅದರಲ್ಲಿ ಡಿಡಕ್ಟಿಬಲ್, 20% ಎರಡೂ ಇವೆ. ತಪ್ಪು ಬಿಲ್ಲಲ್ಲ, ಮೇಲ್ಮನವಿ ಹಾಕಿದರೂ ಬಹುತೇಕ ನಿಲ್ಲುವುದಿಲ್ಲ. ಹಾಗಂತ ನೋವು ಮುಚ್ಚಿಡಿ ಎಂದಲ್ಲ. ದುಡ್ಡು ಆಗುತ್ತದೆಂದು ಗೊತ್ತಿದ್ದು ಹೇಳಿ.

ಎನ್‌ಪಿ ಸಹಿ ಸಾಲದ ಕಾಗದಗಳು

ಸಮಯ, ಓಡಾಟ ಹಾಳಾಗುವುದು ಇಲ್ಲಿ.

ಸಕ್ಕರೆ ಕಾಯಿಲೆಯವರಿಗೆ ಮೆಡಿಕೇರ್ ಕೊಡುವ ವಿಶೇಷ ಶೂ. ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳುವ ಎಂಡಿ ಅಥವಾ ಡಿಒ (ಅಮೆರಿಕದ ಎರಡು ಬಗೆಯ ವೈದ್ಯ ಪದವಿ) ಪಡೆದ ಡಾಕ್ಟರೇ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು. ವರ್ಷಗಟ್ಟಲೆ ಸಕ್ಕರೆ ನೋಡುತ್ತಿರುವವರು ಎನ್‌ಪಿಯೇ ಆದರೂ ಅವರೊಬ್ಬರ ಸಹಿಗೆ ಅಂಗಡಿಯವರು ಶೂ ಕೊಡಲಾರರು. ಪರಿಹಾರ: ಅದೇ ಕ್ಲಿನಿಕ್‌ನ ಡಾಕ್ಟರ ಜೊತೆ ಸಕ್ಕರೆಗೆಂದೇ ಒಂದು ಭೇಟಿ ಮೊದಲೇ ಮಾಡಿಸಿಕೊಳ್ಳಿ, ಪಾದ ನೋಡಿದ್ದು ಬರೆಸಿಕೊಳ್ಳಿ.

ಆಹಾರತಜ್ಞರ ಸಲಹೆ. ಸಕ್ಕರೆ ಅಥವಾ ಕಿಡ್ನಿ ಕಾಯಿಲೆಗೆ ಡಯಟೀಷಿಯನ್ ಬಳಿ ಹೋಗಲು ಡಾಕ್ಟರ ಶಿಫಾರಸು ಬೇಕು. ವಿಚಿತ್ರವೆಂದರೆ, ಸಕ್ಕರೆ ನಿಭಾಯಿಸುವುದನ್ನು ಕಲಿಸುವ ತರಗತಿಗೆ ಎನ್‌ಪಿ ಕಳಿಸಬಹುದು. ಕಾನೂನು ಬೇರೆ ಬೇರೆ ಕಾಲದಲ್ಲಿ ಬರೆದದ್ದರ ಪರಿಣಾಮ ಇದು, ಇದರಲ್ಲಿ ತರ್ಕ ಹುಡುಕಬೇಡಿ.

ಹೃದಯಾಘಾತದ ನಂತರದ ಕಾರ್ಡಿಯಾಕ್ ರಿಹ್ಯಾಬ್. ವ್ಯಾಯಾಮದ ಹೊತ್ತಿನ ಮೇಲ್ವಿಚಾರಣೆಯನ್ನು 2024ರಿಂದ ಎನ್‌ಪಿಯೂ ಮಾಡಬಹುದು, ಆದರೆ ಆರ್ಡರ್ ಡಾಕ್ಟರದೇ ಆಗಿರಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಕಾರ್ಡಿಯಾಲಜಿಸ್ಟ್ ಕೈಯಲ್ಲಿ ಬರೆಸಿಕೊಂಡರೆ ವಾರಗಳು ಉಳಿಯುತ್ತವೆ.

ಹಾಸ್ಪಿಸ್. ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಮುಖ್ಯ ವೈದ್ಯರಾಗಿ ಮನೆಯವರು ಎನ್‌ಪಿಯನ್ನು ಆರಿಸಿಕೊಳ್ಳಬಹುದು. ಆಯುಸ್ಸು ಆರು ತಿಂಗಳೋ ಅದಕ್ಕಿಂತ ಕಡಿಮೆಯೋ ಎಂದು ಪ್ರಮಾಣೀಕರಿಸುವುದು ಮಾತ್ರ ಡಾಕ್ಟರರೇ.

ಮನೆಗೆ ನರ್ಸ್, ಫಿಸಿಯೊಥೆರಪಿಯವರು ಬರುವ ಹೋಮ್ ಹೆಲ್ತ್ ಸೇವೆಯೂ ಮೊದಲು ಈ ಪಟ್ಟಿಯಲ್ಲಿತ್ತು. 2020ರಲ್ಲಿ ಕಾನೂನು ಬದಲಾಗಿ ಈಗ ಎನ್‌ಪಿ ಸಹಿ ಸಾಕು. ಹಳೇ ಅಭ್ಯಾಸದಲ್ಲಿ ಯಾರಾದರೂ ಡಾಕ್ಟರ ಸಹಿ ಬೇಕೆಂದರೆ, ರಾಜ್ಯದ ನಿಯಮದಿಂದಲೇ ಬೇಕಾ ಎಂದು ಕೇಳಿ. ವಾಕರ್, ವೀಲ್‌ಚೇರ್‌ಗೆ ಎನ್‌ಪಿ ಆರ್ಡರ್ ನಡೆಯುತ್ತದೆ.

ರಾಜ್ಯದ ನಿಯಮ ಅಂದೆವಲ್ಲ: ಮೆಡಿಕೇರ್ ಇಡೀ ದೇಶಕ್ಕೆ ಒಂದೇ ಆದರೂ, ಎನ್‌ಪಿ ಏನು ಮಾಡಬಹುದೆಂದು ಹೇಳುವುದು ರಾಜ್ಯ. ವಾಷಿಂಗ್ಟನ್, ಅರಿಜೋನಾದಲ್ಲಿ ಅವರು ಸ್ವತಂತ್ರವಾಗಿ ಕ್ಲಿನಿಕ್ ನಡೆಸಬಹುದು. ಟೆಕ್ಸಾಸ್‌ನಲ್ಲಿ ಡಾಕ್ಟರ ಜೊತೆ ಒಪ್ಪಂದ ಬೇಕು, ಶೆಡ್ಯೂಲ್ 2ರ ಬಲವಾದ ನೋವಿನ ಮಾತ್ರೆಗಳನ್ನು ಮಾಮೂಲಿ ಕ್ಲಿನಿಕ್‌ನಲ್ಲಿ ಕೂತು ಬರೆಯುವಂತಿಲ್ಲ. ಡಲ್ಲಾಸ್‌ನ ಮಗನ ಮನೆಯಿಂದ ಸಿಯಾಟಲ್‌ನ ಮಗಳ ಮನೆಗೆ ಓಡಾಡುವ ಹಿರಿಯರಿಗೆ ಒಂದು ಕಡೆ ಸಿಕ್ಕ ಚೀಟಿ ಇನ್ನೊಂದು ಕಡೆ ಸಿಗದಿರುವುದಕ್ಕೆ ಇದೂ ಕಾರಣ.

ಕಾಗದ ಬಂದಾಗ

“ಮೆಡಿಕೇರ್ ಸಮ್ಮರಿ ನೋಟಿಸ್” ಎಂಬ ಕಾಗದ ಕೆಲವು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುತ್ತದೆ. ಮೆಡಿಕೇರ್ ಡಾಟ್ ಗವ್ ಖಾತೆಯಲ್ಲಿ ಇನ್ನೂ ಬೇಗ ಕಾಣುತ್ತದೆ. ಇದು ಬಿಲ್ಲಲ್ಲ, ಮೇಲೇ ಹಾಗೆಂದು ಅಚ್ಚಾಗಿರುತ್ತದೆ. ಇದನ್ನು ನೋಡಿ ಚೆಕ್ ಬರೆಯಬೇಡಿ. ಒಳಗಿನ ಕೋಷ್ಟಕದಲ್ಲಿ “ಮ್ಯಾಕ್ಸಿಮಮ್ ಯು ಮೇ ಬಿ ಬಿಲ್ಡ್” (ನಿಮ್ಮಿಂದ ಹೆಚ್ಚೆಂದರೆ ಕೇಳಬಹುದಾದ ಮೊತ್ತ) ಕಾಲಂ ನೋಡಿ. ಕ್ಲಿನಿಕ್ ಕಳಿಸಿದ ಬಿಲ್ಲು ಪಕ್ಕದಲ್ಲಿಟ್ಟುಕೊಳ್ಳಿ. ಕ್ಲಿನಿಕ್‌ನ ಮೊತ್ತ ಇದಕ್ಕಿಂತ ಹೆಚ್ಚಿದ್ದರೆ ಕಟ್ಟುವ ಮುಂಚೆ ಫೋನ್ ಮಾಡಿ, ಈ ಕಾಲಮ್ಮಿನ ಅಂಕಿ ಓದಿ ಹೇಳಿ. ಮೆಡಿಗ್ಯಾಪ್ ಇದ್ದರೆ ಅವರು ಕೊಟ್ಟದ್ದು ಈ ಕಾಗದದಲ್ಲಿ ಕಾಣುವುದಿಲ್ಲ, ಅವರ ಕಾಗದ ಬರುವವರೆಗೆ ಕಾಯಿರಿ.

ಮೆಡಿಕೇರ್ ಒಪ್ಪಲಿಲ್ಲ ಎಂದಿದ್ದರೆ ಮೊದಲು ಕ್ಲಿನಿಕ್‌ಗೆ ಕೇಳಿ. ಸಂಕೇತ ತಪ್ಪು, ಹುಟ್ಟಿದ ದಿನ ತಪ್ಪು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೂ ಊರಿನ ಹೆಸರೂ ಸೇರಿ ಕಾರ್ಡಿನಲ್ಲಿ ಹಿಂದುಮುಂದಾದದ್ದು, ಇಂಥವನ್ನು ಅವರು ಸರಿಮಾಡಿ ಮತ್ತೆ ಕಳಿಸಬಹುದು. ಸೇವೆಯ ದಿನದಿಂದ ಒಂದು ವರ್ಷದೊಳಗೆ ಕ್ಲೇಮ್ ಹೋಗಬೇಕು. ಅದರಿಂದ ಬಗೆಹರಿಯದಿದ್ದರೆ ಮೇಲ್ಮನವಿ. ನೋಟಿಸ್ ಕೈಸೇರಿದ ಮೇಲೆ 120 ದಿನ ಸಮಯವಿದೆ, ಕೊನೆಯ ದಿನಾಂಕ ಅದರಲ್ಲೇ ಅಚ್ಚಾಗಿರುತ್ತದೆ. ಒಪ್ಪದ ಸಾಲಿಗೆ ವೃತ್ತ ಹಾಕಿ, ಯಾಕೆ ಒಪ್ಪಬೇಕೆಂದು ಬರೆದು, ಅಮ್ಮನ ಸಹಿ ಮಾಡಿಸಿ, ಎನ್‌ಪಿಯಿಂದ ಒಂದು ಪತ್ರ ಪಡೆದು ಲಗತ್ತಿಸಿ. ನಕಲು ಇಟ್ಟುಕೊಂಡು ನೋಟಿಸಿನಲ್ಲಿರುವ ವಿಳಾಸಕ್ಕೆ ಕಳಿಸಿ. ಸಾಮಾನ್ಯವಾಗಿ 60 ದಿನದೊಳಗೆ ತೀರ್ಮಾನ ಬರುತ್ತದೆ. ಅಡ್ವಾಂಟೇಜ್ ಪ್ಲಾನಿನವರು ಮಾತ್ರ ಮೆಡಿಕೇರ್‌ಗಲ್ಲ, ಪ್ಲಾನಿಗೇ ಬರೆಯಬೇಕು, ಗಡುವೂ ಬೇರೆ.

ಅಮ್ಮನ ಬದಲು ನೀವೇ ಮೆಡಿಕೇರ್‌ನ 1-800-633-4227ಕ್ಕೆ ಫೋನ್ ಮಾಡಿದರೆ ವಿವರ ಕೊಡುವುದಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಫೋನಿನಲ್ಲಿ ಒಪ್ಪಿಗೆ ಹೇಳಬೇಕು. ಅವರು ಊರಿಗೆ ಹೋದಾಗಲೂ ಕೆಲಸ ನಡೆಯಬೇಕೆಂದರೆ ವಿವರವನ್ನು ನಿಮಗೆ ಕೊಡಲು ಒಪ್ಪಿಗೆ ನೀಡುವ ಸಿಎಂಎಸ್-10106 ನಮೂನೆ ತುಂಬಿ, ಅವರ ಸಹಿ ಹಾಕಿಸಿ, ಹೊರಡುವ ಮೊದಲೇ ಕಳಿಸಿಡಿ.